ತೊಟ್ಟಿಲು ಕಟ್ಟುವ ಮುನ್ನ

ಬೆಂಗಳೂರಿನಿಂದ ಮೈಸೂರಿಗೆ ಹಳೆಯ ಹೆದ್ದಾರಿಯಲ್ಲಿ ಹೋಗುವವರು ಚನ್ನಪಟ್ಟಣವನ್ನು ದಾಟಿ ತುಸು ದೂರ ಸಾಗಿದರೆ ದೊಡ್ಡಮಳೂರು ಸಿಗುತ್ತದೆ. ಅಲ್ಲಿಯ ಅಪ್ರಮೇಯಸ್ವಾಮಿಯ ದೇಗುಲದಲ್ಲಿ, ಕೈಯಲ್ಲಿ ಬೆಣ್ಣೆ ಹಿಡಿದು ಅಂಬೆಗಾಲಿಡುವ ನವನೀತಕೃಷ್ಣನ ಪುಟ್ಟ ಸನ್ನಿಧಿಯೊಂದಿದೆ. ಸಂತಾನವನ್ನು ಬೇಡಿ ಹರಕೆ ಹೊತ್ತವರು ಅರ್ಪಿಸಿದ ಚಿಕ್ಕ ಚಿಕ್ಕ ಮರದ ತೊಟ್ಟಿಲುಗಳು ಅಲ್ಲಿ ತೂಗಾಡುತ್ತವೆ. ಅವುಗಳಲ್ಲಿ ಯಾವುದು ಹಂಬಲದ್ದು, ಯಾವುದು ಹಂಬಲ ಕೈಗೂಡಿದವರದ್ದು ಎಂದು ನೋಡಿ ಹೇಳುವುದು ಯಾರಿಗೂ ಸಾಧ್ಯವಿಲ್ಲ.

ಇಂದು ಆ ಸನ್ನಿಧಿಗೆ ಬರುವ ದಂಪತಿಗಳಲ್ಲಿ ಕೆಲವರ ಚೀಲದಲ್ಲಿ ಹಣ್ಣುಕಾಯಿಯ ಜೊತೆಗೆ ಆಸ್ಪತ್ರೆಯ ಕಡತವೂ ಇದ್ದರೆ ಸೋಜಿಗವಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆ 2007ರಲ್ಲಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೆಸರನ್ನು ಪಡೆಯಿತು. ಹೆಸರು ಏನೇ ಆಗಲಿ, ಇಲ್ಲಿಯವರಿಗೆ ರಾಜಧಾನಿ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಮರಳುವಷ್ಟು ಹತ್ತಿರ. ಆ ನಗರದ ಯಾವುದೋ ಚಿಕಿತ್ಸಾಲಯದ ಉಕ್ಕಿನ ಪಾತ್ರೆಯೊಂದರಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ, ತಮ್ಮದೊಂದು ಭ್ರೂಣ ಕಾದಿದೆಯೆಂಬ ಅರಿವನ್ನು ಹೊತ್ತು ಬದುಕುವ ಗೃಹಸ್ಥರು ಈಗ ಈ ಊರುಗಳಲ್ಲಿಯೂ ಇದ್ದಾರೆ. ಭ್ರೂಣವನ್ನು ಗರ್ಭಕ್ಕೆ ಸೇರಿಸುವ ದಿನ ಹತ್ತಿರವಾದಂತೆಲ್ಲ ಅವರ ಮನೆಯಲ್ಲಿ ನಿದ್ದೆ ಕಡಿಮೆಯಾಗುತ್ತದೆ, ಸಲಹೆ ಹೆಚ್ಚಾಗುತ್ತದೆ.

ಈ ಚಿಕಿತ್ಸೆಯ ಮರ್ಮ ರೇಷ್ಮೆಯ ನಾಡಿನವರಿಗೆ ಅಷ್ಟೇನೂ ಅಪರಿಚಿತವಲ್ಲ. ದ್ವಿತಳಿ ರೇಷ್ಮೆಯ ಮೊಟ್ಟೆಗಳನ್ನು ಶೀತಗೃಹದಲ್ಲಿ ಮಲಗಿಸಿ, ಬೇಕಾದ ಕಾಲಕ್ಕೆ ಹೊರತೆಗೆದು ಹದವಾದ ಶಾಖದಲ್ಲಿ ಮರಿ ಮಾಡಿಸುವ ಕ್ರಮವನ್ನು ಅವರು ಬಲ್ಲರು. ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಸಿದ್ಧವಿಲ್ಲದಿದ್ದರೆ ಜಾಣ ರೈತ ಮೊಟ್ಟೆಯನ್ನು ತರುವುದೇ ಇಲ್ಲ. ಭ್ರೂಣದ ಸಂಗತಿಯೂ ಹೆಚ್ಚುಕಡಿಮೆ ಹೀಗೆಯೇ. ಪ್ರಯೋಗಶಾಲೆಯಲ್ಲಿ ಫಲಿತವಾಗಿ ಐದಾರು ದಿನ ಬೆಳೆದ ಭ್ರೂಣವನ್ನು ಕ್ಷಣಮಾತ್ರದಲ್ಲಿ ಗಾಜಿನಂತೆ ಘನೀಭವಿಸುವ ಹಾಗೆ ಮಾಡಿ ಇಟ್ಟಿರುತ್ತಾರೆ. ಗರ್ಭಕೋಶದ ಒಳಪದರ ತಕ್ಕಷ್ಟು ದಪ್ಪವಾಗಿ ಹದಕ್ಕೆ ಬಂದಾಗ ಅದನ್ನು ಕರಗಿಸಿ ಸೇರಿಸುತ್ತಾರೆ. ಆ ಶೈತ್ಯದಲ್ಲಿ ಭ್ರೂಣಕ್ಕೆ ವಯಸ್ಸಾಗುವುದಿಲ್ಲ. ಕರಗಿಸಿದಾಗ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭ್ರೂಣಗಳು ಉಳಿಯುತ್ತವೆಂಬುದು ಇಂದಿನ ಒಳ್ಳೆಯ ಪ್ರಯೋಗಶಾಲೆಗಳ ಅನುಭವ. ಆದುದರಿಂದ ಒಳಪದರ ಸಿದ್ಧವಾಗಿಲ್ಲವೆಂದೋ, ಜ್ವರ ಬಂದಿತೆಂದೋ, ಇನ್ನೂ ಮನಸ್ಸು ಗಟ್ಟಿಯಾಗಿಲ್ಲವೆಂದೋ ಒಂದು ತಿಂಗಳು ಮುಂದೂಡಿದರೆ ಭ್ರೂಣಕ್ಕೆ ಹಾನಿಯಿಲ್ಲ. ಅವಸರ ಮನುಷ್ಯರದ್ದು, ಭ್ರೂಣದ್ದಲ್ಲ.

ಈ ವಿದ್ಯೆಯ ಚರಿತ್ರೆಯಲ್ಲಿ ಭಾರತಕ್ಕೆ ಸಲ್ಲಬೇಕಾದ ಒಂದು ಗೌರವ ಬಹುಕಾಲ ಸಲ್ಲಲಿಲ್ಲ. ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು 1978ರ ಜುಲೈ 25ರಂದು ಹುಟ್ಟಿತು. ಎರಡು ತಿಂಗಳು ಕಳೆದ ಮೇಲೆ, ಅದೇ ವರ್ಷದ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ದುರ್ಗಾ ಎಂಬ ಹೆಣ್ಣುಮಗು ಜನಿಸಿತು. ಡಾ. ಸುಭಾಷ್ ಮುಖರ್ಜಿ ಮತ್ತು ಅವರ ಸಂಗಡಿಗರು ಆ ಭ್ರೂಣವನ್ನು 53 ದಿನ ಶೀತದಲ್ಲಿಟ್ಟು ಅನಂತರ ತಾಯಿಯ ಗರ್ಭಕ್ಕೆ ಸೇರಿಸಿದ್ದರು. ಸರಕಾರ ನೇಮಿಸಿದ ಸಮಿತಿ ಇದನ್ನು ನಂಬಲಿಲ್ಲ. ಅವಮಾನದಿಂದ ನೊಂದ ಆ ವೈದ್ಯರು 1981ರ ಜೂನ್ 19ರಂದು ತಾವಾಗಿಯೇ ಪ್ರಾಣತ್ಯಾಗ ಮಾಡಿದರು. ಶೀತಲೀಕೃತ ಭ್ರೂಣದಿಂದ ಹುಟ್ಟಿದ ಮೊದಲ ಮಗುವೆಂದು ಲೋಕವು ಒಪ್ಪಿದ್ದು 1984ರಲ್ಲಿ ಆಸ್ಟ್ರೇಲಿಯದಲ್ಲಿ ಹುಟ್ಟಿದ ಶಿಶುವನ್ನು.

ಮುಖರ್ಜಿಯವರ ಟಿಪ್ಪಣಿಗಳನ್ನು ಓದಿ ಅವರ ಸಾಧನೆಯನ್ನು ಎತ್ತಿ ಹಿಡಿದವರು ಡಾ. ಟಿ. ಸಿ. ಆನಂದಕುಮಾರ್. 1986ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಪ್ರನಾಳ ಶಿಶುವಿನಿಂದಾಗಿ ‘ಭಾರತದಲ್ಲಿ ಮೊದಲಿಗರು’ ಎಂಬ ಕೀರ್ತಿ ಡಾ. ಇಂದಿರಾ ಹಿಂದುಜಾ ಅವರಿಗೂ ಇವರಿಗೂ ಸಂದಿತ್ತು. ಆ ಪಟ್ಟ ತಮ್ಮದಲ್ಲವೆಂದು ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ 1997ರಲ್ಲಿ ಅವರೇ ಬರೆದರು. ಇಂತಹ ಔದಾರ್ಯ ವಿದ್ವಾಂಸರಲ್ಲಿಯೂ ಅಪರೂಪವೇ. ದುರ್ಗಾ ತಾನು ಯಾರೆಂಬುದನ್ನು ಬಹಿರಂಗವಾಗಿ ಹೇಳಿಕೊಂಡದ್ದು 2003ರಲ್ಲಿ, ತನ್ನ 25ನೆಯ ವಯಸ್ಸಿನಲ್ಲಿ.

ಅಂದಿನಿಂದ ವಿದ್ಯೆ ಬಹಳ ಮುಂದೆ ಹೋಗಿದೆ; ನಾಲಗೆಗಳು ಮಾತ್ರ ಅಷ್ಟು ಬದಲಾಗಿಲ್ಲ. ಕನಕಪುರದ ಒಂದು ಮನೆಯಲ್ಲಿ ಸೊಸೆ ಮರುದಿನ ಬೆಂಗಳೂರಿಗೆ ಹೊರಡುವವಳಿದ್ದಾಳೆ ಎಂದಿಟ್ಟುಕೊಳ್ಳೋಣ. ಅತ್ತೆ ಅಕ್ಕರೆಯಿಂದಲೇ ಹೇಳುತ್ತಾರೆ: “ಯೋಚನೆ ಮಾಡಬೇಡ ಕಣಮ್ಮ, ಯೋಚನೆ ಮಾಡಿದರೆ ನಿಲ್ಲೋದಿಲ್ಲ.” ಸೊಸೆ ಮರುಮಾತಾಡದೆ, “ಆಗಲಿ ಅತ್ತೆ” ಎನ್ನುತ್ತಾಳೆ. ಆ ರಾತ್ರಿಯಿಂದ ಅವಳಿಗೆ ಎರಡು ಚಿಂತೆ: ಫಲಿಸುವುದೋ ಇಲ್ಲವೋ ಎಂಬುದೊಂದು, ಚಿಂತಿಸಿ ಚಿಂತಿಸಿ ತಾನೇ ಕೆಡಿಸಿಬಿಡುವೆನೋ ಎಂಬುದಿನ್ನೊಂದು.

ಈ ಎರಡನೆಯ ಚಿಂತೆಯನ್ನು ಇಳಿಸಿಡಬಹುದು. ಮಕ್ಕಳಾಗದ ಸ್ತ್ರೀಯರ ಮಾನಸಿಕ ಕ್ಲೇಶಕ್ಕೂ ಇಂತಹ ಚಿಕಿತ್ಸೆಯ ಫಲಕ್ಕೂ ಇರುವ ಸಂಬಂಧವನ್ನು ಹುಡುಕಿದ 14 ಅಧ್ಯಯನಗಳನ್ನು ಒಟ್ಟುಗೂಡಿಸಿ, 3583 ಸ್ತ್ರೀಯರ ವಿವರಗಳನ್ನು ಪರಿಶೀಲಿಸಿದ ಲೇಖನವೊಂದು 2011ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟವಾಯಿತು. ಚಿಕಿತ್ಸೆಗೆ ಮುನ್ನ ಹೆಚ್ಚು ತಳಮಳಗೊಂಡವರಿಗೂ ಕಡಿಮೆ ತಳಮಳಗೊಂಡವರಿಗೂ ಗರ್ಭ ನಿಲ್ಲುವುದರಲ್ಲಿ ಅಂತರ ಕಾಣಲಿಲ್ಲವೆಂಬುದೇ ಅದರ ತಾತ್ಪರ್ಯ. ನಿಲ್ಲದಿರುವುದಕ್ಕೆ ಭ್ರೂಣದೊಳಗಿನ ವರ್ಣತಂತುಗಳ ದೋಷವೇ ಬಹಳ ಸಲ ಕಾರಣ. ಅತ್ತ ಮಾತ್ರಕ್ಕೆ ಭ್ರೂಣ ಜಾರುವುದಿಲ್ಲ. ಹಾಗೆಂದು ಆತಂಕವನ್ನು ಅಲಕ್ಷಿಸಬೇಕೆಂದಲ್ಲ. ಊಟ ನಿದ್ದೆಗಳು ಕೆಟ್ಟಿದ್ದರೆ, ಅದು ಗರ್ಭಕ್ಕೋಸ್ಕರವಲ್ಲ, ಆ ಹೆಣ್ಣಿಗೋಸ್ಕರವೇ ವೈದ್ಯರ ಗಮನಕ್ಕೆ ಬರಬೇಕಾದ ಸಂಗತಿ.

ಆತಂಕದ ಬಹುಭಾಗ ತೀರದ ನಿರ್ಧಾರಗಳಿಂದ ಹುಟ್ಟುತ್ತದೆ. ಭ್ರೂಣ ಒಂದೋ ಎರಡೋ ಎಂಬುದು ಅವುಗಳಲ್ಲಿ ದೊಡ್ಡದು. ಎರಡು ಸೇರಿಸಿದರೆ ಒಂದಾದರೂ ನಿಂತೀತು, ಎರಡೂ ನಿಂತರೆ ಒಂದೇ ಖರ್ಚಿನಲ್ಲಿ ಎರಡು ಮಕ್ಕಳಾದವು ಎಂದು ಬಂಧುಗಳು ಲೆಕ್ಕ ಹಾಕುತ್ತಾರೆ. ಒಂದು ಸಲದ ಖರ್ಚಿಗೇ ಒಡವೆ ಅಡವಿಟ್ಟವರ ಮಟ್ಟಿಗೆ ಈ ಲೆಕ್ಕ ನಗುವಂತಹುದಲ್ಲ. ಆದರೆ ಅವಳಿ ಗರ್ಭದಲ್ಲಿ ದಿನ ತುಂಬುವ ಮೊದಲೇ ಹೆರಿಗೆಯಾಗುವ, ಕೂಸುಗಳ ತೂಕ ಕಡಿಮೆಯಾಗುವ, ತಾಯಿಯ ರಕ್ತದೊತ್ತಡ ಏರುವ ಅಪಾಯ ಹೆಚ್ಚು. ಒಂದೊಂದನ್ನೇ ಎರಡು ಸಲ ಸೇರಿಸಿದರೆ ಮಗುವಾಗುವ ಸಂಭವ ಹೆಚ್ಚುಕಡಿಮೆ ಎರಡನ್ನು ಒಟ್ಟಿಗೆ ಸೇರಿಸಿದಷ್ಟೇ ಇರುತ್ತದೆ. ಅವಳಿಯ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ. ತಜ್ಞರು ಒಂದರ ಕಡೆಗೆ ವಾಲುವುದು ಈ ಕಾರಣದಿಂದ.

ಇನ್ನೊಂದು ಆಯ್ಕೆ ಋತುಚಕ್ರದ್ದು. ಮುಟ್ಟು ಸರಿಯಾಗಿರುವವರು ಸಹಜ ಚಕ್ರದಲ್ಲಿಯೇ ಭ್ರೂಣವನ್ನು ಸೇರಿಸಿಕೊಳ್ಳಬಹುದು. ಮಾತ್ರೆಗಳಿಂದ ಚಕ್ರವನ್ನು ನಡೆಸಿದರೆ ದಿನವನ್ನು ಮುಂಚೆಯೇ ಗೊತ್ತುಮಾಡಬಹುದು, ಓಡಾಟ ಕಡಿಮೆ. ಮಾಗಡಿಯ ಶಾಲೆಯೊಂದರಲ್ಲಿ ರಜೆಗಾಗಿ ಹಲ್ಲು ಗಿಂಜಬೇಕಾದ ಉಪಾಧ್ಯಾಯಿನಿಗೆ ಇದು ಸಣ್ಣ ಅನುಕೂಲವಲ್ಲ. ಆದರೆ ಹೀಗೆ ನಿಂತ ಗರ್ಭಗಳಲ್ಲಿ ರಕ್ತದೊತ್ತಡದ ತೊಂದರೆ ತುಸು ಹೆಚ್ಚೆಂದು ಕಂಡುಬಂದಿದೆ. ಮುಟ್ಟು ಏರುಪೇರಾಗಿರುವವರಿಗೆ ಮಾತ್ರೆಯ ಹಾದಿಯೇ ಗತಿಯಾಗಬಹುದು. “ನನಗೆ ಯಾವುದು, ಏಕೆ?” ಎಂದು ವೈದ್ಯರನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಕೇಳುವ ಹಕ್ಕನ್ನು ಕಾನೂನೇ ಕೊಟ್ಟಿದೆ. ಸಂತಾನ ನೆರವಿನ ಚಿಕಿತ್ಸೆಗಳನ್ನು ನಿಯಂತ್ರಿಸುವ 2021ರ ಕೇಂದ್ರ ಕಾಯಿದೆಯ ಪ್ರಕಾರ ಫಲದ ಸಂಭವ, ಅಪಾಯ, ಖರ್ಚು ಎಲ್ಲವನ್ನೂ ದಂಪತಿಗಳಿಗೆ ತಿಳಿಯಹೇಳಿ ಆಪ್ತಸಲಹೆ ನೀಡುವುದು ಚಿಕಿತ್ಸಾಲಯದ ಕರ್ತವ್ಯ. ಬರಹದ ಒಪ್ಪಿಗೆಯಿಲ್ಲದೆ ಏನನ್ನೂ ಮಾಡುವಂತಿಲ್ಲ. ಭ್ರೂಣ ಗರ್ಭವನ್ನು ಸೇರುವ ಕ್ಷಣದ ತನಕ ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ಉಳಿದ ಭ್ರೂಣಗಳನ್ನು ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಇಡುವಂತಿಲ್ಲ. ಆಮೇಲೆ ಅವು ನಶಿಸಬೇಕು, ಇಲ್ಲವೆ ದಂಪತಿಗಳ ಸಮ್ಮತಿಯಿಂದ ಸಂಶೋಧನೆಗೆ ಸಲ್ಲಬೇಕು. ಸಹಿ ಹಾಕುವ ಅವಸರದಲ್ಲಿ ಈ ಪುಟವನ್ನು ಮಗುಚಿಬಿಡುವವರು ಬಹಳ. ಗಂಡಹೆಂಡಿರು ಒಂದು ಸಂಜೆ ಮನೆಯಲ್ಲಿ ಕುಳಿತು ಮಾತಾಡಬೇಕಾದ ಪುಟ ಅದು.

ಎಲ್ಲಿಗೆ ನಿಲ್ಲಿಸುವುದೆಂಬ ಮಾತೂ ಅದೇ ಸಂಜೆ ಬಂದರೆ ಅಪಶಕುನವೆಂದು ಬೆಚ್ಚಬೇಕಾಗಿಲ್ಲ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ತಿಮ್ಮಕ್ಕನ ಕಾಲದಲ್ಲಿ ಬಡವರ ಪಾಲಿಗೆ ಇಂತಹ ಆಯ್ಕೆಗಳೇ ಇರಲಿಲ್ಲ. ಮಕ್ಕಳಾಗದ ಆಕೆ ಪತಿ ಚಿಕ್ಕಯ್ಯನೊಡನೆ ಹುಲಿಕಲ್ಲಿನಿಂದ ಕುದೂರಿನ ದಾರಿಯುದ್ದಕ್ಕೂ ಆಲದ ಸಸಿಗಳನ್ನು ನೆಟ್ಟು, ನೀರು ಹೊತ್ತು ಬೆಳೆಸಿ, ಸಾಲುಮರದ ತಿಮ್ಮಕ್ಕನೆನಿಸಿದರು. 2019ರಲ್ಲಿ ಪದ್ಮಶ್ರೀ ಪಡೆದು, 2025ರ ನವೆಂಬರಿನಲ್ಲಿ ತೀರಿಕೊಂಡರು. ಮಕ್ಕಳಿಲ್ಲದವರಿಗೆಲ್ಲ ಅವರನ್ನು ತೋರಿಸಿ ಸಮಾಧಾನ ಹೇಳುವುದು ಒಂದು ವಾಡಿಕೆಯಾಗಿದೆ. ಕೇಳುವವರಿಗೆ ಅದು ಹಿತವೆನಿಸುವುದೆಂದು ಹೇಳಲಾಗದು. ಇನ್ನೊಬ್ಬರ ಮರದ ನೆರಳು ತನ್ನ ಮನೆಯ ಬಿಸಿಲಿಗೆ ಒದಗುವುದಿಲ್ಲ.

ಗೊತ್ತಾದ ದಿನದ ಕೆಲಸವೆಂದರೆ ಕೆಲವು ನಿಮಿಷಗಳದ್ದು. ಸಾಮಾನ್ಯವಾಗಿ ಅರಿವಳಿಕೆ ಬೇಡ. ತೆಳುವಾದ ನಳಿಕೆಯೊಂದರಿಂದ ಭ್ರೂಣವನ್ನು ಗರ್ಭಕೋಶದೊಳಗೆ ಬಿಡುತ್ತಾರೆ. ಅನಂತರ ಹಾಸಿಗೆ ಹಿಡಿದು ಮಲಗಿದರೆ ಹೆಚ್ಚು ಫಲವೆಂಬುದಕ್ಕೆ ಆಧಾರವಿಲ್ಲ. ಎದ್ದು ನಡೆಯಬಹುದು, ಊರಿಗೆ ಮರಳಬಹುದು, ಹಗುರವಾದ ಮನೆಗೆಲಸ ಮಾಡಬಹುದು. ಔಷಧಿಗಳನ್ನು ಮಾತ್ರ ವೈದ್ಯರು ಹೇಳುವ ತನಕ ನಿಲ್ಲಿಸಬಾರದು.

ಹತ್ತು ಹದಿನಾಲ್ಕು ದಿನಗಳ ಮೇಲೆ ರಕ್ತಪರೀಕ್ಷೆ. ಈ ನಡುವಣ ದಿನಗಳೇ ಎಲ್ಲಕ್ಕಿಂತ ದೀರ್ಘ. ಪರೀಕ್ಷೆಯ ಫಲ ಸಾಮಾನ್ಯವಾಗಿ ದೂರವಾಣಿಯಲ್ಲಿ ಬರುತ್ತದೆ. ಅದು ತರಗತಿಯ ನಡುವೆ ಬರಬಹುದು, ಬಸ್ಸಿನಲ್ಲಿ ಬರಬಹುದು, ನೆಂಟರು ತುಂಬಿದ ಮನೆಯಲ್ಲಿ ಬರಬಹುದು. ಕರೆಯನ್ನು ಗಂಡ ತೆಗೆದುಕೊಳ್ಳುವನೋ ಹೆಂಡತಿಯೋ, ಆ ಹೊತ್ತಿನಲ್ಲಿ ಇಬ್ಬರೂ ಎಲ್ಲಿರಬೇಕು, ಹೌದೆಂದರೂ ಅಲ್ಲವೆಂದರೂ ಅತ್ತೆಗೆ ಎಂದು ತಿಳಿಸಬೇಕು ಎಂಬುದನ್ನು ಬೆಂಗಳೂರಿಗೆ ಹೊರಡುವ ಮೊದಲೇ ಇಬ್ಬರೂ ಮಾತಾಡಿ ಇಟ್ಟುಕೊಂಡಿರುವುದು ಒಳ್ಳೆಯದು.