ಪೈಪ್ ಸಣ್ಣದಾದರೆ ನೀರಿನ ಪ್ರೆಷರ್ ಹೆಚ್ಚುತ್ತದೆಯೇ?

"ನೀರು ಜೋರಾಗಿ ಬರಬೇಕಾ? ಸಣ್ಣ ಪೈಪ್ ಹಾಕಿ." ಈ ಸಲಹೆಯನ್ನು ನೀವೂ ಕೇಳಿರಬಹುದು. ಪೈಪಿನ ಬಾಯಿಗೆ ಬೆರಳು ಅಡ್ಡ ಹಿಡಿದರೆ ನೀರು ದೂರ ಚಿಮ್ಮುವುದನ್ನು ಎಲ್ಲರೂ ನೋಡಿದ್ದೇವೆ. ಹಾಗಾಗಿ ಮಾತು ನಿಜವೆಂದೇ ಅನಿಸುತ್ತದೆ. ಆದರೆ ಇದನ್ನು ನಂಬಿ ಪೈಪ್ ಕೊಂಡರೆ ನಷ್ಟ ನಿಮಗೇ.

ಬೆರಳು ಮಾಡುವುದೇನು?

ಬೆರಳಿಟ್ಟಾಗ ಹೆಚ್ಚುವುದು ನೀರು ಚಿಮ್ಮುವ ವೇಗ, ನೀರಿನ ಪ್ರಮಾಣವಲ್ಲ. ಅನುಮಾನವಿದ್ದರೆ ಒಂದು ಬಕೆಟ್ ಇಟ್ಟು, ಬೆರಳಿಟ್ಟು ಒಮ್ಮೆ, ಇಡದೆ ಒಮ್ಮೆ ತುಂಬಿಸಿ, ಮೊಬೈಲಿನಲ್ಲಿ ಸಮಯ ನೋಡಿ. ಬೆರಳಿಟ್ಟಾಗಲೇ ಹೆಚ್ಚು ಹೊತ್ತು ಬೇಕಾಗುತ್ತದೆ.

ಒತ್ತಡ ಎಲ್ಲಿಂದ ಬರುತ್ತದೆ?

ಬಳ್ಳಾರಿ ನಗರದ ಮನೆಯ ನಳಕ್ಕೆ ಒತ್ತಡ ಕೊಡುವುದು ಓವರ್‌ಹೆಡ್ ಟ್ಯಾಂಕಿನ ಎತ್ತರ. 10 ಮೀಟರ್ ಎತ್ತರದ ನೀರು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಒತ್ತಡ ಕೊಡುತ್ತದೆ. ನಳ ಬಂದ್ ಇದ್ದಾಗ ಪೈಪ್ ಸಣ್ಣದಿರಲಿ, ದೊಡ್ಡದಿರಲಿ, ಒತ್ತಡ ಒಂದೇ. ನಳ ತಿರುಗಿಸಿ ನೀರು ಹರಿಯತೊಡಗಿದಾಗ ಪೈಪಿನ ಒಳಗೋಡೆಯ ಘರ್ಷಣೆ ಆ ಒತ್ತಡವನ್ನು ದಾರಿಯುದ್ದಕ್ಕೂ ತಿನ್ನುತ್ತಾ ಹೋಗುತ್ತದೆ. ಟ್ಯಾಂಕಿನಿಂದ ದೂರದ ಮನೆಗಳಲ್ಲಿ ನೀರು ಸಣ್ಣಗೆ ಬರುವುದಕ್ಕೆ ಇದೂ ಒಂದು ಕಾರಣ.

ಎಷ್ಟು ನಷ್ಟ?

• ಪೈಪಿನ ಉದ್ದ ಎರಡು ಪಟ್ಟಾದರೆ ನಷ್ಟವೂ ಎರಡು ಪಟ್ಟು.
• ಹರಿಯುವ ನೀರು ಎರಡು ಪಟ್ಟಾದರೆ ನಷ್ಟ ಮೂರೂವರೆಯಿಂದ ನಾಲ್ಕು ಪಟ್ಟು.
• ಅಷ್ಟೇ ನೀರನ್ನು ಅರ್ಧ ಅಗಲದ ಪೈಪಿನಲ್ಲಿ ಕಳಿಸಿದರೆ ನಷ್ಟ ಸುಮಾರು 30 ಪಟ್ಟು!

ಹೊಲದ ಲೆಕ್ಕ

ಸಿರುಗುಪ್ಪ, ಕುರುಗೋಡು ಕಡೆ ಹೊಳೆ, ಕಾಲುವೆಯಿಂದ ಪಂಪ್ ಇಟ್ಟು ಭತ್ತದ ಗದ್ದೆಗೆ ನೀರು ಹಾಯಿಸುವವರಿಗೆ ಈ ಲೆಕ್ಕ ಮುಖ್ಯ. 200 ಲೀಟರ್ ಡ್ರಮ್ 20 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 10 ಲೀಟರ್ ನೀರು ಬರುತ್ತಿದೆ ಎಂದರ್ಥ. ಗದ್ದೆ 300 ಮೀಟರ್ ದೂರವಿದೆ ಎಂದುಕೊಳ್ಳಿ. ನೀರು ಸರಬರಾಜಿನಲ್ಲಿ ಎಂಜಿನಿಯರುಗಳು ಬಳಸುವ ಹೇಜನ್-ವಿಲಿಯಮ್ಸ್ ಸೂತ್ರದ ಪ್ರಕಾರ, ನುಣುಪಾದ ಪಿವಿಸಿ ಪೈಪಿನಲ್ಲಿ:

• ಒಳ ಅಗಲ 75 ಮಿ.ಮೀ. ಇದ್ದರೆ ನಷ್ಟ ಸುಮಾರು 20 ಮೀಟರ್
• ಒಳ ಅಗಲ 100 ಮಿ.ಮೀ. ಇದ್ದರೆ ನಷ್ಟ ಸುಮಾರು 5 ಮೀಟರ್

ಅಂದರೆ ಸಣ್ಣ ಪೈಪ್ ಹಾಕಿದವರ ಪಂಪ್, ಅಷ್ಟೇ ನೀರನ್ನು ಇನ್ನೂ 15 ಮೀಟರ್ ಮೇಲಕ್ಕೆ ಎತ್ತಿದಷ್ಟು ಹೆಚ್ಚಿಗೆ ದುಡಿಯಬೇಕು. ಇದಕ್ಕೇ ಸುಮಾರು 2 ಎಚ್‌ಪಿ ಶಕ್ತಿ ಬೇಕು. ಪಂಪಿನೊಳಗೂ ಶಕ್ತಿ ಪೋಲಾಗುವುದರಿಂದ ಎಂಜಿನ್ ಮೇಲಿನ ಹೊರೆ ಇನ್ನೂ ಹೆಚ್ಚು. ಪಂಪಿಗೆ ಅಷ್ಟು ತಾಕತ್ತಿಲ್ಲದಿದ್ದರೆ ಗದ್ದೆಗೆ ಬರುವ ನೀರೇ ಕಡಿಮೆಯಾಗುತ್ತದೆ. ಅದೇ ಗದ್ದೆ ತುಂಬಲು ಹೆಚ್ಚು ಹೊತ್ತು ಡೀಸೆಲ್ ಸುಡಬೇಕು.

ಹಾಗಾದರೆ ಏನು ಮಾಡಬೇಕು?

ಪೈಪ್ ಕೊಳ್ಳುವ ಮೊದಲು ಮೂರು ಸಂಗತಿ ಬರೆದುಕೊಳ್ಳಿ: ಎಷ್ಟು ನೀರು, ಎಷ್ಟು ದೂರ, ಎಷ್ಟು ಎತ್ತರ. ಎತ್ತರಕ್ಕೆ ಘರ್ಷಣೆಯ ನಷ್ಟ ಕೂಡಿಸಿ, ಬೆಂಡ್, ವಾಲ್ವ್‌ಗಳಿಗೆ ಸ್ವಲ್ಪ ಸೇರಿಸಿದರೆ ಪಂಪಿಗೆ ಬೇಕಾದ 'ಹೆಡ್' ಸಿಗುತ್ತದೆ. ಅತಿ ದೊಡ್ಡ ಪೈಪೂ ಬೇಡ, ಅದರ ಬೆಲೆ ಹೆಚ್ಚು. ಪೈಪಿಗೆ ಒಮ್ಮೆ ಕೊಡುವ ಹಣವನ್ನು ಪ್ರತಿ ಬೆಳೆಗೂ ಸುಡುವ ಡೀಸೆಲ್ ಜತೆ ಹೋಲಿಸಿ ನೋಡಿ.

ನೆನಪಿಡಿ: ಸಣ್ಣ ಬಾಯಿ ನೀರನ್ನು ದೂರ ಚಿಮ್ಮಿಸಬಹುದು, ಉದ್ದಕ್ಕೂ ಸಣ್ಣ ಪೈಪ್ ಹಾಕಿದರೆ ಒತ್ತಡ ಕಳೆದುಹೋಗುತ್ತದೆ. "ಸಣ್ಣ ಪೈಪ್ ಹಾಕಿ" ಎಂಬ ಮೆಸೇಜ್ ನಿಮ್ಮ ಗ್ರೂಪಿಗೆ ಬಂದರೆ, ಈ ಲೆಕ್ಕವನ್ನೂ ಕಳಿಸಿ.