ಮನೆಮಾತು ಬಂಗಾಳಿ, ಶಾಲೆ ಕನ್ನಡ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಅರೇಬಿಕಾ ಕಾಫಿಯ ಕೊಯ್ಲು ನವೆಂಬರ್ ಹೊತ್ತಿಗೆ ಶುರು. ಅದು ಮುಗಿಯುತ್ತಿದ್ದಂತೆ ರೋಬಸ್ಟಾ ಹಣ್ಣಾಗಿ ಫೆಬ್ರವರಿ, ಮಾರ್ಚ್‌ವರೆಗೂ ಕೆಲಸ ಇರುತ್ತದೆ. ಈಗ ಹಣ್ಣು ಕುಯ್ಯುವವರಲ್ಲಿ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್ ಕಡೆಯವರು ಬಹಳ. ಸಂಸಾರ ಸಮೇತ ಬಂದವರ ಮಕ್ಕಳು ಲೈನ್ ಮನೆಯಿಂದ ಹತ್ತಿರದ ಸರ್ಕಾರಿ ಶಾಲೆಗೆ ಸೇರುತ್ತಾರೆ. ಪಾಠ ಶುರುವಾದದ್ದು ಜೂನ್‌ನಲ್ಲಿ, ಮಗು ಬಂದದ್ದು ಡಿಸೆಂಬರ್‌ನಲ್ಲಿ. ಕನ್ನಡ ಒಂದಕ್ಷರ ಗೊತ್ತಿಲ್ಲ. ಆಗ ತಾಯಿಗೆ ಸಿಗುವ ಮೊದಲ ಸಲಹೆ: “ಮನೇಲೂ ಸ್ವಲ್ಪ ಕನ್ನಡದಲ್ಲೇ ಮಾತಾಡಮ್ಮ.” ಅಕ್ಕರೆಯಿಂದಲೇ ಹೇಳುವ ಮಾತು ಇದು. ಆದರೆ ಇದರಿಂದ ಮಗುವಿಗೆ ನಷ್ಟವೇ ಹೆಚ್ಚು.

ಬಂಗಾಳಿ ಮನೆಮಾತಿನ ಆ ತಾಯಿಗೆ ಬರುವ ಕನ್ನಡವೆಂದರೆ ಬಾ, ಹೋಗು, ಚೀಲ, ತೂಕ, ಸಂಬಳ. ಮನೆಯಲ್ಲೂ ಇಷ್ಟರಲ್ಲೇ ಮಾತಾಡಬೇಕೆಂದರೆ ಮಗುವಿನ ಕಿವಿಗೆ ಬೀಳುವುದು ಅಪ್ಪಣೆಗಳು ಮಾತ್ರ. ಊರ ಹೊಳೆಗೆ ನೆರೆ ಬಂದಾಗ ಅಜ್ಜಿ ಏನು ಮಾಡಿದಳು, ಆಡು ಯಾಕೆ ಮೇವು ಬಿಟ್ಟಿತು, ನಾಳೆ ತೋಟದ ರೈಟರ್ ಬಂದರೆ ಏನು ಕೇಳಬೇಕು ಎಂಬ ಉದ್ದುದ್ದ ಮಾತುಗಳು ಅವಳಿಗೆ ಬಂಗಾಳಿಯಲ್ಲಿ ಮಾತ್ರ ಸಾಧ್ಯ. ಒಂದು ಸಂಗತಿಗೆ ಇನ್ನೊಂದನ್ನು ಜೋಡಿಸುವುದು, ಕಾರಣ ಕೇಳುವುದು, ಮುಂದೇನಾಗಬಹುದೆಂದು ಊಹಿಸುವುದು ಮಗುವಿಗೆ ಬರುವುದು ಅಂಥ ಮಾತಿನಿಂದ. ಪಾಠ ಓದಿ ಅರ್ಥ ಮಾಡಿಕೊಳ್ಳಲು ಬೇಕಾಗುವುದೂ ಇದೇ. ಇಂಗ್ಲಿಷ್ ಶಾಲೆಗೆ ಸೇರಿಸಿದೆವೆಂದು ಮನೆಯಲ್ಲಿ ಅರೆಬರೆ ಇಂಗ್ಲಿಷ್ ಆಡುವ ನಮ್ಮ ಕನ್ನಡದ ತಂದೆತಾಯಿಗಳೂ ಇದನ್ನು ಯೋಚಿಸಬೇಕು.

ಮನೆಮಾತಿನಲ್ಲಿ ಕಲಿತದ್ದು ಶಾಲೆಯ ಭಾಷೆಗೆ ಹೇಗೆ ನೆರವಾಗುತ್ತದೆಂಬ ಬಗ್ಗೆ ಹೆಚ್ಚು ಅಧ್ಯಯನ ನಡೆದಿರುವುದು ಅಮೆರಿಕದಲ್ಲಿ. ಅಲ್ಲಿ ಇಂಗ್ಲಿಷನ್ನು ಹೊಸದಾಗಿ ಕಲಿಯುವ ಶಾಲಾ ಮಕ್ಕಳಲ್ಲಿ ಬಹುಪಾಲಿನವರ ಮನೆಮಾತು ಸ್ಪ್ಯಾನಿಷ್. ದುರ್ಗುನೋಗ್ಲು ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನ ಒಂದನೇ ತರಗತಿಯ ಅಂಥ ಮಕ್ಕಳದು. ಸ್ಪ್ಯಾನಿಷ್ ಪದವೊಂದನ್ನು ಕೇಳಿ ಅದರ ಸದ್ದುಗಳನ್ನು ಬಿಡಿಸಿ ಹೇಳಬಲ್ಲ ಮಕ್ಕಳು ಇಂಗ್ಲಿಷ್ ಪದಗಳನ್ನೂ ಚೆನ್ನಾಗಿ ಓದಿದರು. ಅವರು ಹಿಂದೆ ಕಂಡೇ ಇರದ, ಅರ್ಥವಿಲ್ಲದ ಪದಗಳನ್ನು ಕೊಟ್ಟಾಗಲೂ ಹಾಗೆಯೇ. ಅಲ್ಲಿನ ಪರಿಣತರ ಸಮಿತಿಯೊಂದು 2006ರಲ್ಲಿ ಇಂಥ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿತು. ಸದ್ದು ಬಿಡಿಸುವ, ಅಕ್ಷರ ಕೂಡಿಸಿ ಓದುವ ಕೌಶಲ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುತ್ತದೆ, ಪದಸಂಪತ್ತು ಅಷ್ಟು ಸಲೀಸಾಗಿ ದಾಟುವುದಿಲ್ಲ ಎಂಬುದು ಅದರ ಸಾರ. ಅಂದರೆ ಓದುವುದನ್ನು ಒಮ್ಮೆ ಕಲಿತರೆ ಸಾಕು, ಪದಗಳನ್ನು ಮಾತ್ರ ಮತ್ತೆ ಕಲಿಸಬೇಕು.

ನಮ್ಮ ಕಾಫಿ ಸೀಮೆಯ ಮಗುವಿಗೆ ಒಂದು ಅನುಕೂಲವೂ ಇದೆ. ಬಂಗಾಳಿ, ಅಸ್ಸಾಮಿ, ಒಡಿಯಾ, ದೇವನಾಗರಿ, ಕನ್ನಡ ಎಲ್ಲವೂ ಬ್ರಾಹ್ಮಿಯಿಂದ ಬಂದ ಲಿಪಿಗಳು. ರೂಪ ಬೇರೆ, ಒಳಗಿನ ಜೋಡಣೆ ಒಂದೇ. ಕ ಖ ಗ ಘ ಙ ಕ್ರಮ ಅಲ್ಲೂ ಅದೇ. ವ್ಯಂಜನಕ್ಕೆ ಚಿಹ್ನೆ ಹತ್ತಿದರೆ ಸ್ವರ ಬದಲಾಗುತ್ತದೆಂಬುದೂ ಅದೇ. ಊರಲ್ಲಿ ಎರಡನೇ ತರಗತಿ ಓದಿ ಬಂದ ಮಗುವಿಗೆ ಕಾಗುಣಿತದ ಮರ್ಮ ಆಗಲೇ ಗೊತ್ತಿರುತ್ತದೆ. ಕನ್ನಡದ ಅಕ್ಷರಗಳೆಲ್ಲ ಮಕ್ಕಳಿಗೆ ಪೂರ್ತಿ ಕೈಗೆ ಹತ್ತಲು ನಾಲ್ಕನೇ, ಐದನೇ ತರಗತಿಯವರೆಗೂ ಬೇಕಾಗುತ್ತದೆಂದು ಬೆಂಗಳೂರಿನ ಸೋನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಹಾಗಿರುವಾಗ ಈ ಮಗುವನ್ನು ಸೊನ್ನೆಯಿಂದ ಶುರು ಮಾಡಿಸುವುದು ಅನ್ಯಾಯ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಮೊದಲು ಬರುವ ಅಕ್ಷರಗಳು ರ ಗ ಸ ದ ಅ. ಅಕ್ಷರವನ್ನೇ ಕಾಣದ ಮಗುವಿಗೆ ಅದು ಸರಿ. ಬಂಗಾಳಿ ಓದಲು ಬರುವ ಮಗುವಿಗೆ ಮಾತ್ರ ಇಡೀ ವರ್ಣಮಾಲೆ, ಕಾಗುಣಿತದ ಹಾಳೆ ಕೊಟ್ಟು, ಪ್ರತಿ ಕನ್ನಡ ಅಕ್ಷರದ ಪಕ್ಕ ತನ್ನ ಅಕ್ಷರ ಬರೆದುಕೊಳ್ಳಲು ಹೇಳಿ. ಟೀಚರಿಗೆ ಬಂಗಾಳಿ ಬರಬೇಕಾಗಿಲ್ಲ, ಮಗುವಿಗೆ ಬಂದರಾಯಿತು. ವಾಕ್ಯದ ಕೊನೆಗೆ ಕ್ರಿಯಾಪದ ಬರುವುದೂ ಎರಡರಲ್ಲೂ ಒಂದೇ. ಆಕಾಶ, ಸೂರ್ಯ, ಶರೀರ, ರಕ್ತ ಎಂಬ ಪದಗಳು ಉಚ್ಚಾರ ಸ್ವಲ್ಪ ಬೇರೆಯಾಗಿ ಅಲ್ಲಿಯೂ ಇವೆ.

ದಾಟದೆ ಉಳಿಯುವುದು ಯಾವುದೆಂದೂ ತಿಳಿದಿರಬೇಕು. ಬಂಗಾಳಿಯಲ್ಲಿ ಎ, ಏ ಎಂಬ ಹ್ರಸ್ವ–ದೀರ್ಘ ಭೇದವಿಲ್ಲ. ಹಾಗಾಗಿ ಆ ಕಿವಿಗೆ ತೋಟದ ಬೆಳೆಯೂ ಸಾರಿನ ಬೇಳೆಯೂ ಒಂದೇ. ಅಸ್ಸಾಮಿಯಲ್ಲಿ ತ, ಟ ಬರಹದಲ್ಲಿ ಬೇರೆ, ಉಚ್ಚಾರದಲ್ಲಿ ಒಂದೇ. ಕತ್ತೆ, ಕಟ್ಟೆ ಕಲಸಿಹೋಗುತ್ತವೆ. ಇವನ್ನು ಜೋಡಿಜೋಡಿಯಾಗಿ ಬಾಯಲ್ಲಿ ಹೇಳಿಸಬೇಕು. ಕಾಪಿ ಬರೆಸಿ ಉಪಯೋಗವಿಲ್ಲ, ಕಿವಿ ಪಳಗಬೇಕು.

ಲೆಕ್ಕದಲ್ಲಿ ಇನ್ನೂ ಹುಷಾರಾಗಿರಬೇಕು. ಬಂಗಾಳಿ, ಅಸ್ಸಾಮಿ ಅಂಕಿಯ ನಾಲ್ಕು ನೋಡಲು ನಮ್ಮ 8ರಂತೆಯೇ, ಏಳು ಹೆಚ್ಚುಕಡಿಮೆ 9ರಂತೆ. ಎರಡಕ್ಕೆ ಎರಡು ಕೂಡಿಸಿ ಮಗು 8ರಂಥದ್ದೇನೋ ಬರೆದರೆ ಕೆಂಪು ಶಾಯಿಯಲ್ಲಿ ತಪ್ಪು ಹಾಕುವ ಮುನ್ನ ಬೆರಳಲ್ಲಿ ಎಣಿಸಿ ತೋರಿಸಲು ಹೇಳಬೇಕು. ನಾಲ್ಕು ಬೆರಳು ಎತ್ತಿದರೆ ಮಗುವಿಗೆ ಲೆಕ್ಕ ಬರುತ್ತದೆ, ಅಂಕಿ ಮಾತ್ರ ಬದಲಾಗಬೇಕು. ಇಂಥ ಒಂದು ತಪ್ಪು ಗುರುತಿನಿಂದ ಮಗುವನ್ನು ದಡ್ಡರ ಸಾಲಿಗೆ ಸೇರಿಸಿಬಿಟ್ಟರೆ ನನಗೆ ಸಂಕಟವಾಗುತ್ತದೆ.

ಇದೆಲ್ಲಕ್ಕೂ ಮೊದಲು ಮನೆಯಲ್ಲಿ ಯಾವ ಮಾತು ಎಂದು ಕೇಳಿ ತಿಳಿಯಬೇಕು. ಅಸ್ಸಾಮಿನಿಂದ ಬಂದವರೆಲ್ಲ ಅಸ್ಸಾಮಿ ಮಾತಾಡುವವರಲ್ಲ. ಬಂಗಾಳಿ, ಬೋಡೊ, ಟೀ ತೋಟಗಳ ಸಾದ್ರಿ, ಯಾವುದೂ ಇರಬಹುದು. ಕಳಸದ ಕಡೆಯ ಶಿಕ್ಷಕರಿಗೆ ಇದು ಹೊಸದೇನಲ್ಲ. ತುಳು, ಕೊಂಕಣಿ, ಬ್ಯಾರಿ, ತಮಿಳು ಮನೆಗಳ ಮಕ್ಕಳಿಗೆ ಅವರು ಮೊದಲಿನಿಂದಲೂ ಕನ್ನಡ ಕಲಿಸುತ್ತ ಬಂದವರು.

ಮೂರ್ನಾಲ್ಕು ತಿಂಗಳಲ್ಲಿ ಮಗು ಆಟದ ಬಯಲಲ್ಲಿ ಕನ್ನಡದಲ್ಲೇ ಜಗಳ ಆಡುತ್ತದೆ. ಅಲ್ಲಿಂದ ಒಂದು ತಪ್ಪು ತಿಳಿವಳಿಕೆ ಶುರುವಾಗುತ್ತದೆ: ಕನ್ನಡ ಬಂತು, ಆದರೂ ಪರೀಕ್ಷೆಯಲ್ಲಿ ಬರೆಯುವುದಿಲ್ಲ, ಸೋಮಾರಿ ಎಂದು. ಆಡುವ ಮಾತು ಬರಲು ಸುಮಾರು ಎರಡು ವರ್ಷ ಸಾಕು, ಪಾಠದ ಭಾಷೆ ಓರಗೆಯವರ ಮಟ್ಟಕ್ಕೆ ಬರಲು ಐದು ವರ್ಷವೋ ಹೆಚ್ಚೋ ಬೇಕೆಂದು ಕೆನಡಾದ ಜಿಮ್ ಕಮಿನ್ಸ್ ದಶಕಗಳ ಹಿಂದೆಯೇ ಹೇಳಿದ್ದರು. “ಆವಿಯಾಗುವಿಕೆ” ಎಂಬ ಪದ ಆಟದಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಅದನ್ನು ಕಣದಲ್ಲಿ ಹರಡಿದ ಕಾಫಿ ಒಣಗುವುದನ್ನು ತೋರಿಸಿ, ನಿಮ್ಮ ಭಾಷೆಯಲ್ಲಿ ಇದನ್ನು ಹೇಗೆ ಹೇಳುತ್ತೀರಿ ಎಂದು ಕೇಳಿಯೇ ಕಲಿಸಬೇಕು.

ಸೇರಿಸುವಾಗ ಕಾಗದಪತ್ರದ ತಕರಾರು ಬಂದರೆ ತೋಟದ ರೈಟರ್, ಮೇಸ್ತ್ರಿಗಳಿಗೂ ಒಂದು ವಿಷಯ ಗೊತ್ತಿರಲಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ವರ್ಷದ ನಡುವೆ ಬಂದಿತೆಂದೋ, ವಯಸ್ಸಿನ ದಾಖಲೆ ಇಲ್ಲವೆಂದೋ ಸೀಟು ನಿರಾಕರಿಸುವಂತಿಲ್ಲ. ಟಿ.ಸಿ. ಬರುವುದು ತಡವಾಯಿತೆಂದು ಸೇರಿಸಿಕೊಳ್ಳದಿರುವಂತೆಯೂ ಇಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ಹಿಂದುಳಿದದ್ದಕ್ಕೆ ವಿಶೇಷ ತರಬೇತಿ ಕೊಡಬೇಕು. ಕೊಯ್ಲು ಮುಗಿಸಿ ಸಂಸಾರ ಊರಿಗೆ ಹೊರಟಾಗ ಮಗುವಿಗೆ ಏನೇನು ಓದಲು, ಬರೆಯಲು, ಲೆಕ್ಕ ಮಾಡಲು ಬರುತ್ತದೆಂದು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಒಂದು ಪುಟ ಬರೆದು ಕೈಗೆ ಕೊಡಿ. ಕನ್ನಡದ ಅಂಕಪಟ್ಟಿಯನ್ನು ಅಲ್ಲಿನ ಹೆಡ್‌ಮಾಸ್ಟರ್ ಓದಲಾರರು.