ಅಕ್ಕ ವಾರ್ಡ್ ಬಿಟ್ಟಳು, ಆಸ್ಪತ್ರೆ ಬಿಡಲಿಲ್ಲ

ನೈಟ್ ಡ್ಯೂಟಿ ಮುಗಿಸಿ ಬೆಳಗ್ಗೆ ಮನೆಗೆ ಬಂದ ಅಕ್ಕ ಶೂ ಬಿಚ್ಚೋಕೆ ಬಗ್ಗಿದವಳು ಮೇಲೇಳಲೇ ಇಲ್ಲ. ಗೋಡೆ ಹಿಡಿದುಕೊಂಡು ಬಾಗಿಲಲ್ಲೇ ಕೂತುಬಿಟ್ಟಳು. ಹಾಸಿಗೆ ಹುಣ್ಣಾಗದಂತೆ ರೋಗಿಗಳನ್ನು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. 9 ವರ್ಷ ಆ ಕೆಲಸ ಮಾಡಿದ ಸೊಂಟ ಅದು.

“ಕೆಲಸ ಬಿಟ್ಬಿಡ್ತೀನಿ ಕಣೋ” ಅಂದಳು.

ನಾನು ಸಾಫ್ಟ್‌ವೇರ್‌ನವನು. ನಮಗೆ ಗೊತ್ತಿರೋ ಮದ್ದು ಒಂದೇ, ಕಂಪನಿ ಬದಲಾಯಿಸೋದು. ಅದೇ ರಾತ್ರಿ ಅವಳ ರೆಸ್ಯೂಮೆ ಮಾಡಿ ನಾಲ್ಕು ಆಸ್ಪತ್ರೆಗಳಿಗೆ ಕಳಿಸಿದೆ. ಮೂರು ಕಡೆಯಿಂದ ಫೋನ್ ಬಂತು. ಮೂವರದ್ದೂ ಒಂದೇ ಪ್ರಶ್ನೆ: “ನೈಟ್ ಶಿಫ್ಟ್‌ಗೆ ಯಾವಾಗ ಸೇರ್ತೀರಾ?” ಕಾಗದದ ಮೇಲೆ ವಾರ್ಡ್ ಅನುಭವ ಇದ್ದರೆ ಹೊರಗಿನವರು ಕೊಡೋದೂ ವಾರ್ಡೇ. ಈವರೆಗೆ ಮಾಡದ ಕೆಲಸವನ್ನು ನಂಬಿ ಕೊಡೋರು ನಮ್ಮನ್ನು ಹತ್ತಿರದಿಂದ ನೋಡಿದವರು ಮಾತ್ರ. ಇದು ನನಗೆ ಹೊಳೆದದ್ದು ತಡವಾಗಿ.

ಅವಳ ಆಸ್ಪತ್ರೆಯಲ್ಲೇ ಸೋಂಕು ನಿಯಂತ್ರಣ ನರ್ಸ್ ಹುದ್ದೆ ಖಾಲಿ ಇತ್ತು. ಎನ್‌ಎಬಿಎಚ್ ಮಾನ್ಯತೆ ಬೇಕೆಂದರೆ ಈ ಕೆಲಸಕ್ಕೆಂದೇ ನರ್ಸ್ ಇರಲೇಬೇಕು. ಅಕ್ಕ ಹಿಂದೊಮ್ಮೆ ಸೂಪರಿಂಟೆಂಡೆಂಟ್ ಹತ್ತಿರ ಹೋಗಿ “ವಾರ್ಡ್ ಆಗ್ತಿಲ್ಲ ಮೇಡಂ, ಬೇರೆಲ್ಲಾದ್ರೂ ಹಾಕಿ” ಅಂದಿದ್ದಳಂತೆ. “ಸೊಂಟ ಎಲ್ಲರಿಗೂ ಇದೆಯಮ್ಮ” ಅನ್ನೋ ಉತ್ತರ ಸಿಕ್ಕಿತ್ತು.

ಈ ಸಲ ನೋಟ್‌ಬುಕ್ ಹಿಡಿದು ಹೋದಳು. ಒಂದು ತಿಂಗಳು ತನ್ನ ವಾರ್ಡಿನಲ್ಲಿ ಯಾರಿಗೆ ಎಷ್ಟು ದಿನ ಮೂತ್ರದ ಕ್ಯಾಥೆಟರ್ ಇತ್ತು, ಎಷ್ಟು ಜನರಿಗೆ ಬೇಡವಾದ ಮೇಲೂ ಹಾಗೇ ಉಳಿದಿತ್ತು, ಡಾಕ್ಟರಿಗೆ ನೆನಪಿಸಿದ ಮೇಲೆ ಎಷ್ಟು ತೆಗೆದರು ಅಂತ ಬರೆದಿಟ್ಟಿದ್ದಳು. ಕ್ಯಾಥೆಟರ್ ಹೆಚ್ಚು ದಿನ ಇದ್ದಷ್ಟೂ ಸೋಂಕಿನ ಅಪಾಯ ಹೆಚ್ಚು. ಒಂದು ಭಾನುವಾರ ಕೂತು ಇಬ್ಬರೂ ಅದನ್ನು ಎಕ್ಸೆಲ್‌ಗೆ ಹಾಕಿದೆವು. ನಾನು “ಈ ತಿಂಗಳು 2 ಸೋಂಕು” ಅಂತ ಟೈಪ್ ಮಾಡಿದರೆ ಅಕ್ಕ ತಲೆ ಮೇಲೆ ಮೊಟಕಿದಳು. “ಬರೀ 2 ಅಂದ್ರೆ ಏನೋ ಅರ್ಥ? 1000 ಕ್ಯಾಥೆಟರ್ ದಿನಕ್ಕೆ ಎಷ್ಟು ಅಂತ ಹೇಳ್ಬೇಕು.” ಹತ್ತು ರೋಗಿಗಳಿಗೆ ಐದೈದು ದಿನ ಇದ್ದರೆ 50 ಕ್ಯಾಥೆಟರ್ ದಿನ. ಸೋಂಕುಗಳನ್ನು ಒಟ್ಟು ದಿನಗಳಿಂದ ಭಾಗಿಸಿ 1000ದಿಂದ ಗುಣಿಸಬೇಕು. ನಮ್ಮ ಆಫೀಸಲ್ಲಿ ಎರರ್ ರೇಟ್ ಲೆಕ್ಕ ಹಾಕೋದೂ ಹೀಗೇ. ಪಿವೋಟ್ ಟೇಬಲ್ ಮಾತ್ರ ನಾನು ಹೇಳಿಕೊಟ್ಟೆ, ಉಳಿದಿದ್ದೆಲ್ಲ ಅವಳಿಗೇ ಗೊತ್ತಿತ್ತು.

ಹುದ್ದೆ ಸಿಕ್ಕಿತು. ಆದರೆ ವಾರ್ಡಿಗೆ ಬೇರೆಯವರು ಬರೋವರೆಗೆ ಬಿಡಲ್ಲ ಅಂತ 3 ತಿಂಗಳು ಎಳೆದರು. ನೈಟ್ ಅಲೋವೆನ್ಸ್ ಹೋಯ್ತು. ಸರ್ವೀಸ್ ಮುರಿಯಲಿಲ್ಲ, ಗ್ರಾಚ್ಯುಟಿ ಲೆಕ್ಕ ಮುಂದುವರಿಯಿತು, ಅದೊಂದು ಸಮಾಧಾನ.

ಕಷ್ಟ ಬೇರೆ ಕಡೆ ಇತ್ತು. ಕೈ ತೊಳೆದರಾ, ಸೂಜಿಯನ್ನು ಸರಿಯಾದ ಡಬ್ಬಿಗೇ ಹಾಕಿದರಾ ಅಂತ ನೋಡೋದೇ ಈಗ ಅವಳ ಕೆಲಸ. ನಿನ್ನೆವರೆಗೆ ಒಟ್ಟಿಗೆ ಡಬ್ಬಿ ಬಿಚ್ಚಿ ಊಟ ಮಾಡಿದವರು “ಪೊಲೀಸ್ ಬಂದ್ಳು” ಅನ್ನತೊಡಗಿದರು. ಒಂದಿನ ಚೆಕ್‌ಲಿಸ್ಟ್ ಹಿಡಿದು ನಿಂತಿದ್ದಾಗ ಒಬ್ಬಳೇ ನರ್ಸ್ ಮೂರು ಬೆಡ್ ಮಧ್ಯೆ ಓಡಾಡ್ತಿದ್ದಳಂತೆ. ಅವಳ ತಪ್ಪು ಬರೆಯೋಕೆ ಅಕ್ಕನಿಗೆ ಕೈ ಬರಲಿಲ್ಲ. ಆದರೂ ಬರೆದಳು. ಕೆಳಗೆ “ಆ ಹೊತ್ತಿಗೆ ಇದ್ದ ಸಿಬ್ಬಂದಿ: 1” ಅಂತಲೂ ಸೇರಿಸಿದಳು. ಆ ಸಾಲು ಅವಳಿಗೆ ಒಳ್ಳೇ ಹೆಸರೇನೂ ತರಲಿಲ್ಲ, ಆದ್ರೆ ಈಗಲೂ ಬರೀತಾಳೆ.

ರಾತ್ರಿ 2 ಗಂಟೆಗೆ ಯಾರನ್ನೋ ಮಗ್ಗುಲು ಬದಲಿಸಬೇಕು ಅಂತ ಎಷ್ಟೋ ದಿನ ಎಚ್ಚರ ಆಗ್ತಿತ್ತಂತೆ. ಈಗ ಕಡಿಮೆಯಾಗಿದೆ. ಮೊನ್ನೆ ಹಳೇ ವಾರ್ಡಿನ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳಂತೆ, “ಸಿಸ್ಟರ್, ನಿಮ್ಮ ಡಿಪಾರ್ಟ್‌ಮೆಂಟಲ್ಲಿ ಇನ್ನೊಂದು ಪೋಸ್ಟ್ ಇದೆಯಾ?”

“ಮೊದ್ಲು ಕೈ ತೊಳ್ಕೊಂಡು ಬಾ, ಹೇಳ್ತೀನಿ” ಅಂದಳಂತೆ ಅಕ್ಕ.